ಬಂದೆಕ್ಕನ ಕುರ್ಚಿ

ನಮ್ಮಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದನ್ನು ಬಲ್ಲವಳು ಕೊನೆಗೆ ನಾನೊಬ್ಬಳೇ ಉಳಿದೆ, ನಾನೂ ಅಕ್ಕಾ ಎಂದೇ ಕರೆಯುತ್ತಿದ್ದೆ. ಹಾಗಾಗಿ ಆ ಹೆಸರು ಬಳಕೆ ತಪ್ಪಿಹೋಯಿತು. ಊರಾಚೆಯ ಹಳೇ ಬಂಗಲೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಬಂದೆಕ್ಕ. ಅಡುಗೆಮನೆಯ ಓಣಿಯಲ್ಲಿ ಕರೆಗಂಟೆ ಸದ್ದಾಗುವುದೇ ತಡ, ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು "ಬಂದೆ!" ಎಂದು ಓಡುತ್ತಿದ್ದಳಲ್ಲ, ಅದಕ್ಕೆ ಆ ಹೆಸರು. ಹಾಲು ಉಕ್ಕಲಿ, ಸೆರಗಿಗೆ ಬೆಂಕಿ ಹತ್ತಲಿ, ಗಂಟೆ ಬಾರಿಸಿತೆಂದರೆ ಅವಳು ಅಲ್ಲಿಲ್ಲ.

ಬಂಗಲೆ ಎಷ್ಟು ಹಳೆಯದೆಂದರೆ, ಇದು ರಕ್ಷಿತ ಕಟ್ಟಡ, ಗೋಡೆಗೆ ಯಾರೂ ಮೊಳೆ ಹೊಡೆಯಬಾರದು ಎಂದು ಸರಕಾರದವರು ಒಂದು ತಗಡಿನ ಫಲಕ ಹಾಕಿದ್ದಾರೆ. ಆ ಫಲಕವನ್ನು ನಾಲ್ಕು ಮೂಲೆಗೂ ಮೊಳೆ ಹೊಡೆದೇ ಕೂರಿಸಿದ್ದಾರೆ. ಒಳಗೆ ಎತ್ತರದ ಛಾವಣಿಯ ಹಾಲು, ಅದರ ನಡುವಿನಿಂದ ಮೇಲಕ್ಕೇರುವ ಅಗಲವಾದ ಮೆಟ್ಟಿಲು, ಆಳುಗಳಿಗೆಂದು ಹಿಂದುಗಡೆ ಒಬ್ಬರೇ ಹತ್ತಬಹುದಾದ ಇಕ್ಕಟ್ಟಿನ ಮೆಟ್ಟಿಲು. ಪ್ರತಿ ಕೋಣೆಯಲ್ಲೂ ಒಂದೊಂದು ಹಗ್ಗ. ಎಳೆದರೆ ಗೋಡೆಯೊಳಗಿನ ತಂತಿ ಜಗ್ಗಿ, ಅಡುಗೆಮನೆಯ ಓಣಿಯಲ್ಲಿ ಸಾಲಾಗಿ ತೂಗುಹಾಕಿದ ಗಂಟೆಗಳಲ್ಲಿ ಆ ಕೋಣೆಯದು ಬಾರಿಸುತ್ತದೆ. ಒಂದೊಂದು ಗಂಟೆಯೂ ಸುರುಳಿ ಸುತ್ತಿದ ಸ್ಪ್ರಿಂಗಿನ ತುದಿಯಲ್ಲಿದೆ. ಸದ್ದು ನಿಂತ ಮೇಲೂ ಸ್ಪ್ರಿಂಗು ಬಹಳ ಹೊತ್ತು ನಡುಗುತ್ತಿರುತ್ತದೆ. ತಡವಾಗಿ ಬಂದವಳಿಗೂ ಯಾವ ಕೋಣೆಯವರು ಕರೆದರೆಂದು ತಿಳಿಯಲಿ ಎಂದು ಹಾಗೆ ಮಾಡಿದ್ದಂತೆ.

ಅಮ್ಮ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವಳಿನ್ನೂ ಎರಡು ಜಡೆ ಹಾಕುವ ವಯಸ್ಸಿನವಳು. ಬಂಗಲೆಯ ಯಜಮಾನಿಯನ್ನು ಎಲ್ಲರೂ ದೊಡ್ಡಮ್ಮಾವ್ರು ಎನ್ನುತ್ತಿದ್ದರು. ಅವರು ಅಕ್ಕನ ಮುಖ ನೋಡಲಿಲ್ಲ, ಪಾದ ನೋಡಿದರು. "ಓಡ್ತೀಯಾ?" ಎಂದು ಕೇಳಿದರು. ಅಕ್ಕ ವರಾಂಡದ ಈ ತುದಿಯಿಂದ ಆ ತುದಿಗೆ ಓಡಿ ತೋರಿಸಿದಳು. ಕೆಲಸ ಸಿಕ್ಕಿತು. ಅಮ್ಮ ಖುಷಿಯಿಂದ ಮನೆಗೆ ಬಂದಳು. ನನಗೆ ಈಗಲೂ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಕುದುರೆ ಕೊಳ್ಳುವವರೂ ಒಮ್ಮೆ ಮುಖ ನೋಡುತ್ತಾರೆ.

ಅಕ್ಕನಿಗೆ ಮಾತ್ರ ಯಾವ ಉರಿಯೂ ಇರಲಿಲ್ಲ. ನಗುಮುಖದವಳು, ತಮಾಷೆಯವಳು. ಭಾವ ಅಲ್ಲಿ ಮಾಲಿಯಾಗಿದ್ದ. ಈ ಹುಡುಗಿ ಒಂದು ಕಡೆ ನಿಂತರೆ ತಾನೇ ಮಾತಾಡಿಸುವುದು? ಒಂದು ದಿನ ಅವನೇ ವರಾಂಡದ ಹಗ್ಗ ಎಳೆದುಬಿಟ್ಟ. ಇವಳು "ಬಂದೆ!" ಎಂದು ಓಡಿಬಂದು ನೋಡಿದರೆ ಮಣ್ಣು ಮೆತ್ತಿದ ಕೈ ಹಿಂದಕ್ಕೆ ಕಟ್ಟಿಕೊಂಡು ಮಾಲಿ ನಿಂತಿದ್ದಾನೆ. ದೊಡ್ಡಮ್ಮಾವ್ರು ಇಬ್ಬರಿಗೂ ಚೆನ್ನಾಗಿ ಮಂಗಳಾರತಿ ಮಾಡಿದರು, ಆಮೇಲೆ ತಾವೇ ಮುಂದೆ ನಿಂತು ಮದುವೆಯನ್ನೂ ಮಾಡಿಸಿದರು. ಮಗಳು ಮಡಿಲಲ್ಲಿರುವಾಗಲೇ ಭಾವ ಜ್ವರ ಬಂದು ತೀರಿಕೊಂಡ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಮಗಳನ್ನು ನಾವು ಕರೆಯುವುದು ಚೂಟಿ ಎಂದು. ಹೆಸರಿಗೆ ತಕ್ಕಂತೆಯೇ ಬೆಳೆದಳು.

ದೊಡ್ಡಮ್ಮಾವ್ರು ಹೋದ ಮೇಲೆ ಅವರ ಮೊಮ್ಮಕ್ಕಳು ಬಂಗಲೆಯನ್ನು ಮದುವೆಗಳಿಗೆ ಬಾಡಿಗೆಗೆ ಬಿಡತೊಡಗಿದರು. ಬೇಸಿಗೆ ಬಂತೆಂದರೆ ಒಂದರ ಹಿಂದೆ ಒಂದು ಮದುವೆ. ನೋಡಿಕೊಳ್ಳಲು ಒಬ್ಬ ಮ್ಯಾನೇಜರ್ ಬಂದ. ಅಕ್ಕ ಅಲ್ಲೇ ಉಳಿದಳು. ಪರದೆ ಒಗೆಸುವುದು, ಹೂದಾನಿಗೆ ನೀರು ಬದಲಿಸುವುದು, ಮದುಮಗಳ ಕೋಣೆಯಲ್ಲಿ ಕನ್ನಡಿಗೆ ಬೆಳಕು ಬೀಳುವ ಕಡೆ ಸ್ಟೂಲು ಇಡುವುದು, ಎಲ್ಲ ಅವಳದೇ. ಹಗ್ಗಗಳನ್ನು ಯಾರೂ ತೆಗೆಯಲಿಲ್ಲ. ಹಳೇ ಕಾಲದ ಸೊಗಸು ಎಂದು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದರು. ಸುಮ್ಮನೆ ಎಳೆದು ನೋಡುವವರೂ ಇದ್ದರು. ಎಳೆದರೆ ಅಕ್ಕ ಬಂದುಬಿಡುತ್ತಿದ್ದಳು! ಸೋಪಿನ ಕೈ ಒರೆಸಿಕೊಳ್ಳುತ್ತ, ಏದುಸಿರು ಬಿಡುತ್ತ, ಹಾಲಿನ ಪಕ್ಕದ ಸಣ್ಣ ಬಾಗಿಲಲ್ಲಿ ಬಂದು ತಲೆತಗ್ಗಿಸಿ ನಿಲ್ಲುತ್ತಿದ್ದಳು. ಬಂದವರು ಮುಜುಗರಪಡುತ್ತಿದ್ದರು, ಕೆಲವರು ನಗುತ್ತಿದ್ದರು. ಒಮ್ಮೆ ಯಾರದೋ ಮದುವೆಯಲ್ಲಿ ಜರಿ ಲಂಗದ ಪುಟ್ಟ ಹುಡುಗಿಯೊಬ್ಬಳು ಇದೊಳ್ಳೆ ಆಟವೆಂದು ಮತ್ತೆ ಮತ್ತೆ ಎಳೆದಳು. ಅಕ್ಕ ಮತ್ತೆ ಮತ್ತೆ ಬಂದಳು. ಆಗ ಶಾಲೆಗೆ ಹೋಗುತ್ತಿದ್ದ ಚೂಟಿ ಅದನ್ನು ನೋಡುತ್ತ ನಿಂತಿದ್ದವಳು, ನೇರ ಹೋಗಿ ಆ ಹುಡುಗಿಯ ಕೈ ಕಚ್ಚಿಬಿಟ್ಟಳು. ದೊಡ್ಡ ರಂಪವಾಯಿತು. ಮ್ಯಾನೇಜರ್ ಹಾಲಿನ ಹಗ್ಗವನ್ನು ಯಾರಿಗೂ ಎಟುಕದಂತೆ ಎತ್ತರದ ಕೊಕ್ಕೆಗೆ ಸಿಕ್ಕಿಸಿದ.

ಹಾಲಿನ ಗಂಟೆಯೇನೋ ಸುಮ್ಮನಾಯಿತು. ಮೇಲಿನ ಕೋಣೆಯ ಗಂಟೆ ಸುಮ್ಮನಾಗಲಿಲ್ಲ.

ಮೇಲಿನ ಕೋಣೆ ದೊಡ್ಡಮ್ಮಾವ್ರದು. ಅವರು ಹೋದ ಮೇಲೆ ಬಣ್ಣ ಹೊಡೆಯಲು ಬಂದವರು ಅದರ ತಂತಿ ಕತ್ತರಿಸಿದ್ದರು. ತುಂಡು ತಂತಿ ಗೋಡೆಯಿಂದ ಹೊರಗೆ ನೇತಾಡುತ್ತಿತ್ತು, ನಾನೇ ನೋಡಿದ್ದೇನೆ. ಆದರೂ ಬೇಸಿಗೆಯಲ್ಲಿ, ಬಂಗಲೆ ತುಂಬ ಜನ ಇರುವ ಮಧ್ಯಾಹ್ನ, ಅಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು "ಬಂದೆ" ಎಂದು ಹಿಂದಿನ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಬಹಳ ಹೊತ್ತಿನ ಮೇಲೆ, ಬೇರೆ ಯಾವುದೋ ಕೋಣೆಯವರು ಹಗ್ಗ ಎಳೆದಾಗ, ಇಳಿದು ಬರುತ್ತಿದ್ದಳು. ಕೇಳಿದರೆ "ಏನಿಲ್ಲ, ಕಿಟಕಿ" ಎನ್ನುತ್ತಿದ್ದಳು. ಅವಳಿಗೆ ಕೇಳಿಸಿದ್ದು ಇಲಿ ಇರಬೇಕು ಎಂದ ಮ್ಯಾನೇಜರ್. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂದ ಎಲೆಕ್ಟ್ರಿಷಿಯನ್. ನನಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ನಾನು ಹೊಲಿಗೆಯವಳು, ಅಳತೆಗೆ ಸಿಕ್ಕಿದ್ದನ್ನು ಮಾತ್ರ ನಂಬುವವಳು. ಅಕ್ಕನಿಗೆ ದಣಿವು, ಅಷ್ಟೆ ಎಂದುಕೊಂಡಿದ್ದೆ. ಉಳಿದ ಎಲ್ಲದರಲ್ಲೂ ಅವಳ ಬುದ್ಧಿ ಸೂಜಿಯಷ್ಟು ಚುರುಕಾಗಿತ್ತು.

ಚೂಟಿ ಓದಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನನ್ನು ಮೆಚ್ಚಿದಳು. ಗರಿಕೆ ತುಳಿದರೆ ಅದಕ್ಕೆಲ್ಲಿ ನೋಯುತ್ತದೋ ಎನ್ನುವಂಥ ಸೌಮ್ಯ ಹುಡುಗ, ಎತ್ತರ ಮಾತ್ರ ಬಾಗಿಲಿನಷ್ಟು. ಮದುವೆ ಎಲ್ಲಿ ಎಂಬ ಮಾತು ಬಂದಾಗ ಅಕ್ಕ ಹಟ ಹಿಡಿದಳು.

"ಊರವರ ಮಕ್ಳನ್ನೆಲ್ಲ ಆ ಮೆಟ್ಲಿಳಿಸಿ ಕಳ್ಸಿದೀನಿ. ನನ್ ಮಗ್ಳೂ ಒಂದ್ಸಲ ಅಲ್ಲಿಂದ ಇಳೀಲಿ."

ಬಂಗಲೆಯಾದರೆ ಬೇಡವೇ ಬೇಡ ಎಂದಳು ಚೂಟಿ. ಕೆಲವು ದಿನ ಇಬ್ಬರಿಗೂ ಮಾತಿರಲಿಲ್ಲ. ಕೊನೆಗೆ ನನ್ನ ಹೊಲಿಗೆ ಯಂತ್ರದ ಮುಂದೆ ಕೂತು ಅವಳು ಒಂದು ಕರಾರು ಹಾಕಿದಳು.

"ಸರಿ ಅಮ್ಮಾ, ಅಲ್ಲೇ ಆಗ್ಲಿ. ನಂಗೆ ಒಡವೆ ಬೇಡ, ಏನೂ ಬೇಡ. ಆದ್ರೆ ನೀನು ಮುಂದಿನ ಸಾಲಲ್ಲಿ ಕುರ್ಚಿ ಮೇಲೆ ಕೂತಿರ್ಬೇಕು. ಮದ್ವೆ ಮುಗಿಯೋವರೆಗೂ ಏಳ್ಬಾರ್ದು. ಆ ಮನೇಲಿ ನೀನು ಕೂತಿದ್ದನ್ನ ನಾನು ಒಂದ್ಸಲಾನೂ ನೋಡಿಲ್ಲ."

"ಅಯ್ಯೋ, ಕೂತ್ಕೊಳ್ಳೋದೇನು ಮಹಾ ಕೆಲ್ಸಾನಾ?" ಎಂದು ಅಕ್ಕ ನಕ್ಕಳು.

"ಮಾತು ಕೊಡು."

ಅಕ್ಕ ಮಾತು ಕೊಟ್ಟಳು. ಚೂಟಿಗೆ ಬೇಕಾಗಿದ್ದದ್ದು ಅದೊಂದೇ. ಉಳಿದ ಮದುವೆಯೆಲ್ಲ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ.

ಮದುವೆಯ ದಿನ ಬಿಸಿಲು ನೆಲ ಸೀಳುವಂತಿತ್ತು. ಹಾಲಿನ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ತಿಳಿ ನೀಲಿ ಸೀರೆ ಉಟ್ಟು, ನಾನು ಹೊಲಿದ ಅದೇ ಬಣ್ಣದ ರವಿಕೆ ತೊಟ್ಟು ಅಕ್ಕ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಕೂತಳು ಎನ್ನುವುದಕ್ಕಿಂತ ಕುರ್ಚಿಯ ತುದಿಗೆ ತಾಗಿಕೊಂಡಳು ಎನ್ನಬೇಕು. ಹಿಂದೆ ಎಲ್ಲೋ ಗ್ಲಾಸು ಬಿದ್ದ ಸದ್ದಾಯಿತು, ಅವಳ ಮೈ ಅರ್ಧ ಎದ್ದಿತು. ನಾನು ಅವಳ ಮಂಡಿ ಮೇಲೆ ಕೈಯಿಟ್ಟು ಒತ್ತಿದೆ. "ಆಯ್ತು ಕಣೇ, ಕೂತಿದೀನಲ್ಲ" ಎಂದಳು. ಚೂಟಿ ಮೆಟ್ಟಿಲಿಳಿದು ಬಂದಳು. ಅವಳು ಹೂವನ್ನಾಗಲಿ ಹುಡುಗನನ್ನಾಗಲಿ ನೋಡಲಿಲ್ಲ, ಮೊದಲು ತಾಯಿಯ ಕುರ್ಚಿಯ ಕಡೆ ನೋಡಿದಳು. ಅಕ್ಕ ಕೂತಿದ್ದಳು. ಆ ಹುಡುಗಿಯ ಮುಖ ಎಷ್ಟು ಅರಳಿತೆಂದರೆ ನನ್ನ ಕಣ್ಣು ತುಂಬಿಬಂತು.

ಮದುವೆ ನಡೆಸಿಕೊಡುವ ಹಿರಿಯರು ಕನ್ನಡಕ ಹಾಕಿಕೊಂಡು ಮಾತು ಶುರುಮಾಡಿದರು. ಆಗ ಅಕ್ಕನ ಉಸಿರು ನಿಂತದ್ದು ನನಗೆ ಕೇಳಿಸಿತು. ಗಂಟೆ ಕೇಳಿಸಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಗಂಟೆ ನನಗೆ ಕೇಳಿಸಲಿಲ್ಲ. ಅವಳು ಮಾತ್ರ ಮೇಲಕ್ಕೆ ಕತ್ತೆತ್ತಿ, ಬಾಯೊಳಗೇ "ಬಂದೆ" ಎಂದು ಎದ್ದಳು. ಕೈ ಹಿಡಿದೆ, ಕೊಸರಿಕೊಂಡಳು. ತುಂಬಿದ ಸಭೆಯ ಮುಂದೆ, ಮಗಳ ಮುಂದೆ, ಸಣ್ಣ ಬಾಗಿಲಲ್ಲಿ ನುಗ್ಗಿ ಹೋಗಿಬಿಟ್ಟಳು.

ಚೂಟಿಯ ಮುಖ ನೋಡಲಾಗದೆ ನಾನೂ ಹಿಂದೆಯೇ ಓಡಿದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಸಾಲಿನ ಗಂಟೆಗಳೆಲ್ಲ ಸತ್ತಂತೆ ಜೋತುಬಿದ್ದಿದ್ದವು, ಒಂದನ್ನು ಬಿಟ್ಟು. ತಂತಿಯಿಲ್ಲದ ಆ ಗಂಟೆಯ ಸ್ಪ್ರಿಂಗು ನಡುಗುತ್ತಿತ್ತು. ಇಲಿ, ಇಲಿ ಎಂದುಕೊಳ್ಳುತ್ತಲೇ ಮೆಟ್ಟಿಲು ಹತ್ತಿದೆ.

ಮೇಲಿನ ಕೋಣೆಯಲ್ಲಿ ಹಾಸಿಗೆಯಿಲ್ಲದ ಮಂಚ, ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ. ಅಕ್ಕ ಆ ಖಾಲಿ ಕುರ್ಚಿಯ ಮುಂದೆ ಕೈಮೇಲೆ ಕೈಯಿಟ್ಟು, ತಲೆ ಸ್ವಲ್ಪ ಬಾಗಿಸಿ ನಿಂತಿದ್ದಳು. ಯಾರೋ ಏನೋ ಹೇಳುತ್ತಿದ್ದಂತೆ "ಹೂಂ... ಹೂಂ..." ಎನ್ನುತ್ತಿದ್ದಳು. ಬೈಯಬೇಕೆಂದೇ ಹೋದವಳು ನಾನು. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ನನ್ನ ಕೈಗಳೂ ಒಂದರ ಮೇಲೊಂದು ಕೂತಿದ್ದವು. ನನ್ನ ತಲೆಯೂ ಬಾಗಿತ್ತು. ಬಿಡಿಸಿಕೊಳ್ಳಲು ಬಲ ಹಾಕಬೇಕಾಯಿತು.

"ಅಕ್ಕಾ, ಕೆಳಗೆ ಎಲ್ರೂ ಕಾಯ್ತಿದಾರೆ. ನಡಿ."

"ಶ್... ಹೇಗೆ ಬರ್ಲಿ? ಇನ್ನೂ ಸಾಕು ಅಂದಿಲ್ಲ."

ಆಗ ನನಗೆ ತಿಳಿಯಿತು. ಆ ಮನೆಯ ರೂಢಿ ಅದು. ಕರೆದವರು "ಸಾಕು" ಎನ್ನುವವರೆಗೆ ಬಂದವಳು ಕದಲಬಾರದು. ಇಲ್ಲವೆ ಬೇರೊಂದು ಕೋಣೆಯಿಂದ ಗಂಟೆ ಬರಬೇಕು, ಆಗ ಮೊದಲಿನ ಕರೆ ಬಿಟ್ಟು ಹೋಗಬಹುದು. ದೊಡ್ಡಮ್ಮಾವ್ರು ಹೋದದ್ದೂ ಇಂಥದೇ ಒಂದು ಬೇಸಿಗೆಯ ಮಧ್ಯಾಹ್ನ. ಗಂಟೆ ಬಾರಿಸಿ, ಕಿಟಕಿ ತೆಗಿ ಎಂದಿದ್ದರಂತೆ. ಅಕ್ಕ ಕಿಟಕಿ ತೆಗೆದು ತಿರುಗಿದಾಗ ಅವರು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಸಾಕು ಎನ್ನಲಿ ಎಂದು ಇವಳು ಕಾದು ನಿಂತಳು. ಯಾರೋ ಬಂದು ನೋಡಿ ಕಿರುಚುವವರೆಗೂ ನಿಂತೇ ಇದ್ದಳು. ಅವಳನ್ನು ಇಬ್ಬರು ಎಳೆದುಕೊಂಡು ಕೆಳಗೆ ತರಬೇಕಾಯಿತು. ದುಃಖಕ್ಕೆ ಹಾಗೆ ಮರಗಟ್ಟಿದ್ದಾಳೆ ಎಂದುಕೊಂಡೆವು ನಾವೆಲ್ಲ. ಸಾಕು ಎಂದು ಅವಳನ್ನು ಯಾರೂ ಬಿಟ್ಟೇ ಇರಲಿಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

"ಸಾಕು ಅಕ್ಕಾ, ಸಾಕು! ನಾನ್ ಹೇಳ್ತಿದೀನಿ, ಸಾಕು!" ಎಂದೆ.

"ನೀನ್ ಹೇಳಿದ್ರೆ ಆಗುತ್ತೇನೇ? ನೀನು ಕರೆದಿಲ್ವಲ್ಲ." ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. "ಚೂಟಿ ಮದ್ವೆ ಕಣೇ ಕೆಳಗೆ. ನಂಗೆ ಹೋಗ್ಬೇಕು. ಕಾಲೇ ಬರ್ತಿಲ್ಲ."

ತೋಳು ಹಿಡಿದು ಎಳೆದೆ. ಒಣಗಿದ ಕಡ್ಡಿಯಂಥ ಹೆಂಗಸು, ನೆಟ್ಟ ಕಂಬದ ಹಾಗೆ ಅಲುಗಲಿಲ್ಲ.

ನಾನೊಬ್ಬಳೇ ಇಳಿದು ಬಂದರೆ ಕೆಳಗೆ ಗುಸುಗುಸು ಶುರುವಾಗಿತ್ತು. ಹಿರಿಯರಿಗೆ ಇನ್ನೊಂದು ಮದುವೆಗೆ ಹೋಗಬೇಕಿತ್ತು. ಹುಡುಗನ ತಾಯಿ ಆಮಂತ್ರಣ ಪತ್ರದಲ್ಲಿ ಗಾಳಿ ಬೀಸಿಕೊಳ್ಳುತ್ತ, "ಬೀಗಿತ್ತಿಗೆ ಮೈಗೆ ಹುಷಾರಿಲ್ವಾ?" ಎಂದು ಕೇಳಿದರು, ಪಾಪ, ಒಳ್ಳೆ ಮನಸ್ಸಿನಿಂದಲೇ. ನಾನು ಚೂಟಿಯ ಕಿವಿಯಲ್ಲಿ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ.

"ಬೇರೆ ಗಂಟೆ ಹೊಡೆದ್ರೆ ಬರ್ತಾಳೆ, ಅಲ್ವಾ ಚಿಕ್ಕಮ್ಮಾ?"

"ಬೇಡ ಕಣೇ. ಅಮ್ಮ ಇಲ್ದಿದ್ರೂ ಮದ್ವೆ ಆಗುತ್ತೆ. ಅದೊಂದು ಬೇಡ."

"ಅಮ್ಮ ಇಲ್ದೆ ಆಗೋದಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

ಅವಳು ಹುಡುಗನಿಗೆ ಕೊಕ್ಕೆಯ ಮೇಲಿನ ಹಗ್ಗ ತೋರಿಸಿದಳು. ಅವನು ಯಾಕೆ ಏನು ಎನ್ನದೆ ಕೈ ಚಾಚಿ ಬಿಡಿಸಿಕೊಟ್ಟ. ಮಾಸಿದ ಕೆಂಪು ಹಗ್ಗವನ್ನು ಮದುಮಗಳ ಕೈ ಹಿಡಿಯಿತು. ಒಂದು ಕ್ಷಣ ಅವಳು ಎಳೆಯಲಾರಳು ಎಂದುಕೊಂಡೆ. ಎಳೆದಳು. ದೂರದ ಓಣಿಯಲ್ಲಿ ಗಂಟೆ ಬಾರಿಸಿತು. ಇಡೀ ಹಾಲು ಸುಮ್ಮನಾಯಿತು. ಮೇಲೆ ಹೆಜ್ಜೆ ಸದ್ದು, ಹಿಂದಿನ ಮೆಟ್ಟಿಲಲ್ಲಿ ದಡಬಡ ಇಳಿಯುವ ಸದ್ದು. ಸಣ್ಣ ಬಾಗಿಲು ತೆರೆದು ಅಕ್ಕ ಬಂದಳು. ಮಗಳಿಂದ ಒಂದು ಮಾರು ದೂರದಲ್ಲಿ ನಿಂತಳು. ಕೈಮೇಲೆ ಕೈ, ದೃಷ್ಟಿ ಮದುಮಗಳ ಸೀರೆಯ ಅಂಚಿನ ಮೇಲೆ.

"ಬಂದೆ ಅಮ್ಮಾವ್ರೇ. ಹೇಳಿ."

ಯಾರೋ ಕಿಸಕ್ಕೆಂದು ನಕ್ಕರು, ತಮಾಷೆ ಎಂದುಕೊಂಡು. ಚೂಟಿ ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ತಬ್ಬಿಕೊಳ್ಳಲಿಲ್ಲ. ಆ ತಾಯಿಯನ್ನು ಹುಟ್ಟಿದಾಗಿನಿಂದ ಬಲ್ಲವಳಲ್ಲವೇ, ತಬ್ಬಿಕೊಂಡರೆ ಕೈಗೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಬೆನ್ನು ನೆಟ್ಟಗೆ ಮಾಡಿ, ನಾನು ಎಂದೂ ಕೇಳದ ದನಿಯಲ್ಲಿ ಅಂದಳು:

"ಆ ಕುರ್ಚಿ ಮೇಲೆ ಕೂತ್ಕೊ."

"ಆಗ್ಲಿ" ಎಂದು ಅಕ್ಕ ಹೋಗಿ ಕೂತಳು.

ಮದುವೆ ನಡೆಯಿತು. ಉಂಗುರ ತೊಡಿಸಿದರು, ಹೂ ಎರಚಿದರು, ಚಪ್ಪಾಳೆ ತಟ್ಟಿದರು. ಅಕ್ಕ ಒಂದು ಗಳಿಗೆಯೂ ಮಗಳ ಮುಖದಿಂದ ಕಣ್ಣು ಕದಲಿಸಲಿಲ್ಲ. ಇನ್ನೇನು ಹೇಳುತ್ತಾರೋ, ಎತ್ತ ಓಡಬೇಕಾಗುತ್ತದೋ ಎಂದು ಕಾಯುವ ನೋಟ ಅದು. "ಇಷ್ಟು ಕಣ್ತುಂಬ ಮಗ್ಳ ಮದ್ವೆ ನೋಡಿದ ತಾಯೀನ ನಾನು ಕಂಡಿಲ್ಲಮ್ಮಾ" ಎಂದರು ಹುಡುಗನ ತಾಯಿ. ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುವಂತೆ ಬಗ್ಗಿದೆ.

ಊಟವಾಯಿತು. ಫೋಟೋ ತೆಗೆಯುವಾಗ ಅಕ್ಕನ ಕುರ್ಚಿಯ ಹಿಂದೆಯೇ ಎಲ್ಲರೂ ಬಂದು ನಿಂತರು. ನಾನು ತಟ್ಟೆ ತಂದುಕೊಟ್ಟರೆ ಬೇಡವೆಂದು ತಲೆಯಾಡಿಸಿದಳು. ಜನ ಚದುರಿದರು. ಶಾಮಿಯಾನದವರು ಬಂದು ಕುರ್ಚಿ ಒಂದರೊಳಗೊಂದು ಪೇರಿಸಿ ಲಾರಿಗೆ ಹಾಕಿದರು. ಕೊನೆಗೆ ಆ ದೊಡ್ಡ ಹಾಲಿನ ನಡುವೆ ಒಂದೇ ಕುರ್ಚಿ ಉಳಿಯಿತು, ಅದರ ಮೇಲೆ ನೀಲಿ ರವಿಕೆಯ ನನ್ನ ಅಕ್ಕ. ಕಿಟಕಿಯಿಂದ ಇಳಿಬಿಸಿಲು ಅವಳ ಪಾದದವರೆಗೆ ಬಂದಿತ್ತು. ಕುರ್ಚಿ ಒಯ್ಯಲು ಬಂದವನು ನನ್ನ ಮುಖ ನೋಡಿದ. ನಾನು ಹೊರಗೆ ಹೋಗಿ, ಕಾರಿನಲ್ಲಿ ಕೂತಿದ್ದ ಚೂಟಿಯನ್ನು ಕರೆದೆ.

ಅವಳು ಬಂದು ತಾಯಿಯ ಮುಂದೆ ಕುಕ್ಕರಿಸಿ ಕೂತಳು. "ಅಮ್ಮಾ, ಏಳಮ್ಮಾ. ನಾನು ಹೊರಡ್ತಿದೀನಿ." ಅಕ್ಕ ಥಟ್ಟನೆ ಎದ್ದಳು. ಎದ್ದು, ಕೈಮೇಲೆ ಕೈಯಿಟ್ಟು ನಿಂತಳು.

"ಹೇಳಿಬಿಡೇ" ಎಂದೆ ನಾನು.

"ಅದನ್ನ ಹೇಳಿದ್ರೆ ನಾನು ಅವ್ಳಿಗೆ ಯಾರಾಗ್ತೀನಿ ಚಿಕ್ಕಮ್ಮಾ?"

"ಹೇಳ್ದೆ ಹೋದ್ರೆ ಇವ್ಳು ಬೆಳಗಾಗೋವರೆಗೂ ಹೀಗೇ ನಿಂತಿರ್ತಾಳೆ. ಆಮೇಲೂ ನಿಂತಿರ್ತಾಳೆ."

ಚೂಟಿ ಎದ್ದಳು. ಕಣ್ಣೊರೆಸಿಕೊಂಡು, ತಾಯಿಯ ರವಿಕೆಯ ತೋಳಿಗೆ ಅಂಟಿದ್ದ ಒಂದು ಹೂವಿನ ಎಸಳನ್ನು ತೆಗೆದಳು. ಆಮೇಲೆ ಅಂದಳು, "ಸಾಕು."

ಅಕ್ಕನ ಹೆಗಲು ಇಳಿಯಿತು. ಎಷ್ಟೋ ವರ್ಷದ ಉಸಿರೊಂದು ಹೊರಗೆ ಬಂತು. ಬೆನ್ನು ತೋರಿಸದೆ ಒಂದೆರಡು ಹೆಜ್ಜೆ ಹಿಂದಕ್ಕೆ ಸರಿದು, ತಿರುಗಿ ಸಣ್ಣ ಬಾಗಿಲಲ್ಲಿ ಹೋದಳು. ಚೂಟಿ ಅಲ್ಲೇ ನಿಂತಿದ್ದಳು. ಅವಳನ್ನು ಅಳಿಯ ಬಂದು ಕರೆದುಕೊಂಡು ಹೋದ.

ಓಣಿಯಲ್ಲಿ ನಾನು ಅಕ್ಕನ ಜೊತೆ ಸೇರಿಕೊಂಡೆ. ಅವಳು ದಣಿದು ನನ್ನ ತೋಳಿಗೆ ಆತುಕೊಂಡಳು. ಸಾಲು ಗಂಟೆಗಳ ಕೆಳಗೆ ತಲೆಯೆತ್ತಿ ಕೂಡ ನೋಡದೆ ನಡೆದಳು. ಕೋಣೆಯ ಬಾಗಿಲ ಹತ್ತಿರ ನಿಂತು, ಹಗುರಾದ ಮುಖದಲ್ಲಿ, ಗುಟ್ಟು ಹೇಳುವಂತೆ ನನ್ನ ಕಿವಿಗೆ ಬಾಗಿದಳು.

"ಈ ಅಮ್ಮಾವ್ರು ಒಳ್ಳೇವ್ರು ಕಣೇ. ಬೇಗ ಬಿಟ್ಬಿಟ್ರು."

ನಾನು ಹೂಂ ಅಂದೆ.